ಮೂರನೆಯ ಫ್ರೇಮ್

ಜೂನ್ ೩, ಸೋಮವಾರ

ಇವತ್ತು ಅಣ್ಣನ ಮಗಳು ಮರಿ ಬಾಯಿಬಿಟ್ಟಳು. ನನಗೇನೂ ಆಶ್ಚರ್ಯವಾಗಲಿಲ್ಲ. ಸುಮಾರು ದಿನದಿಂದ ಅವಳು ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ನಗುತ್ತಿದ್ದಳು. ತಟ್ಟೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಅತ್ತಿಗೆಯ ಅಡುಗೆ ಅಳಿಸೀತೇ ಹೊರತು ನಗಿಸುವುದಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ಬಂದು, ಕೌಂಟರಿನ ಮೇಲೆ ಗಲ್ಲ ಊರಿ, ನಿನಗೆ ಮಾತ್ರ ಹೇಳ್ತೀನಿ ಅತ್ತೆ ಅಂದಳು. ಹುಡುಗ ಅವಳಿಗೆ ಕಾರು ಕಲಿಸಿದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಇವಳು ಲೈಸೆನ್ಸ್ ತೆಗೆದುಕೊಂಡು ವರ್ಷವಾಯಿತು, ಪಾಠ ಮಾತ್ರ ಮುಗಿದಿಲ್ಲವಂತೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಂತೆ. ಅದರ ಅಭ್ಯಾಸಬಲದಿಂದ ಬಸ್ಸಿನಲ್ಲಿ ಕೂತರೂ ಅವನ ಬಲಗಾಲು ನೆಲ ಒತ್ತುತ್ತಲೇ ಇರುತ್ತದಂತೆ. ಇದನ್ನು ಹೇಳುವಾಗ ಹುಡುಗಿಯ ಮುಖ ನೋಡಬೇಕಿತ್ತು. ಅಲ್ಲೇ ಅವನಿಗೆ ಬ್ರೇಕು ಎಂದು ಹೆಸರಿಟ್ಟೆ.

ಅಪ್ಪನ ಹತ್ತಿರ ನೀನೇ ಮಾತಾಡಬೇಕು ಅಂದಳು. ಮಾತಾಡದೆ ಏನು? ಈ ಮನೆಯಲ್ಲಿ ನನ್ನದು ಅಂತ ಇರುವುದು ಮಾತೊಂದೇ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು ನಾನು. ಅಂದಿನಿಂದ ಅವನ ಕನ್ನಡಕದ ಅಂಗಡಿಯ ಕೌಂಟರೇ ನನ್ನ ಠಿಕಾಣಿ. ಮರಿ ಅಂಬೆಗಾಲಿಟ್ಟದ್ದೂ ಅದರ ಹಿಂದೆಯೇ. ಹೆತ್ತವಳು ಅತ್ತಿಗೆ, ಸಾಕಿದವಳು ನಾನು. ಇದನ್ನು ಯಾರ ಮುಂದೂ ಆಡುವುದಿಲ್ಲ, ಇಲ್ಲಿ ಬರೆದುಕೊಳ್ಳುತ್ತೇನೆ.

ಒಂದೇ ಷರತ್ತು ಹಾಕಿದೆ. ನಾನು ಅಣ್ಣನನ್ನು ಹದಕ್ಕೆ ತರುವವರೆಗೆ ಇಬ್ಬರೂ ಭೇಟಿಯಾಗಕೂಡದು, ಫೋನೂ ಕೂಡದು. ಬೀದಿಯಲ್ಲಿ ಯಾರಾದರೂ ನೋಡಿ ಅವನ ಕಿವಿಗೆ ಹಾಕಿದರೆ ಆಮೇಲೆ ನಾನು ತಲೆಕೆಳಗಾಗಿ ನಿಂತರೂ ಕೆಲಸವಾಗದು. ಹೇಳುವುದೇನಿದ್ದರೂ ನನ್ನ ಮೂಲಕ. ಮರಿ ಮುಖ ಸಣ್ಣ ಮಾಡಿಕೊಂಡಳು, ಆದರೂ ಒಪ್ಪಿದಳು. ಅವಳು ಕೊಟ್ಟ ಮಾತು ಮುರಿಯುವವಳಲ್ಲ.

ಜೂನ್ ೯, ಭಾನುವಾರ

ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲ್ ಸೇರಿದೆ! ಎದುರಿಗೆ ಬರುವವರಿಗೆಲ್ಲ ಮೊದಲೇ ಒಂದು ಮಾತು ತಿಳಿಸಿಬಿಡು ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ. ಹುಡುಗನನ್ನು ಹತ್ತಿರದಿಂದ ನೋಡಲು ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಮುಖ ನೋಡುವುದೇ ನನ್ನ ಕಸುಬು. ಬ್ರೇಕಿನದು ಅಗಲವಾದ ಹಣೆ, ಯಾವ ಕನ್ನಡಕ ಇಟ್ಟರೂ ಜಾರದ ಮೂಗು. ಅಂಥ ಮೂಗಿನವರು ನೂರಕ್ಕೊಬ್ಬರು. ನಾನು ಆಟದ ಮೈದಾನದ ಗೋಡೆಗೆ ಗಾಡಿ ಹತ್ತಿಸಲು ಹೊರಟಾಗ ತನ್ನ ಕಡೆಯ ಬ್ರೇಕ್ ಒತ್ತಿ, ಗೋಡೆ ಎಲ್ಲೂ ಹೋಗಲ್ಲ, ನಿಧಾನಕ್ಕೆ ಬನ್ನಿ ಅಂದ. ಒಮ್ಮೆಯೂ ದನಿ ಏರಿಸಲಿಲ್ಲ. ನಾನು ಯಾರೆಂದು ಮೊದಲ ತಿರುವಿನಲ್ಲೇ ಅವನಿಗೆ ಗೊತ್ತಾಗಿತ್ತು, ಆದರೂ ಬಾಯಿಬಿಡಲಿಲ್ಲ. ಇಳಿಯುವಾಗ ಮಾತ್ರ, ಅವಳು ಚೆನ್ನಾಗಿದಾಳಾ ಎಂದು ಕೇಳಿದ. ನನ್ನ ಷರತ್ತು ಹೇಳಿದೆ. ತಲೆಯಾಡಿಸಿದ.

ನನಗೆ ಹಿಡಿಸಿದ. ಈ ವಾರವೇ ಅಣ್ಣನಿಗೆ ಹೇಳಿಬಿಡಬೇಕು.

ಜೂನ್ ೧೪

ಹೇಳಲಿಲ್ಲ. ಅಣ್ಣನಿಗೆ ಹಲ್ಲುನೋವು. ದವಡೆ ಊದಿಸಿಕೊಂಡು ಕೂತವನ ಹತ್ತಿರ ಮದುವೆ ಮಾತು ಎತ್ತುವುದುಂಟೆ?

ಜೂನ್ ೨೦, ಗುರುವಾರ

ನಮ್ಮ ಗಲ್ಲಿಯನ್ನೇ ತುಂಬುವಂಥ ಒಂದು ಕಾರು ಬಂದು ಅಂಗಡಿ ಮುಂದೆ ನಿಂತಿತು. ಇಳಿದವರು ಕಣ್ಣಾಸ್ಪತ್ರೆಯ ಡಾಕ್ಟರಮ್ಮ. ಮರಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿರುವುದು ಅವರ ಆಸ್ಪತ್ರೆಯಲ್ಲೇ. ಆಸ್ಪತ್ರೆ ಗಂಡನದು, ಆಡಳಿತ ಹೆಂಡತಿಯದು. ತಮ್ಮ ಕಟ್ಟಡದಲ್ಲೇ ಕನ್ನಡಕದ ವಿಭಾಗ ಇರುವವರು ನಮ್ಮ ಸಣ್ಣ ಅಂಗಡಿಗೆ ಬಂದು, ನನಗೊಂದು ಫ್ರೇಮ್ ಆರಿಸಿಕೊಡಿ ಅಂದರೆ ನಾನು ಏನೆಂದುಕೊಳ್ಳಬೇಕು?

ಆರಿಸಿಕೊಟ್ಟೆ. ಈ ಕೆಲಸದಲ್ಲಿ ನನ್ನದು ಎತ್ತಿದ ಕೈ. ಗಿರಾಕಿಗೆ ಮೊದಲು ಒಪ್ಪದ ಫ್ರೇಮ್ ಒಂದನ್ನು ಇಡುತ್ತೇನೆ. ಎರಡನೆಯದು ಅದಕ್ಕಿಂತ ಅಧ್ವಾನ. ಎರಡಕ್ಕೂ ನಾನೇ ಮೊದಲು ಮುಖ ಸಿಂಡರಿಸುತ್ತೇನೆ. ಮಾರಬೇಕು ಅಂದುಕೊಂಡಿರುವುದನ್ನು ಆಮೇಲೆ ತೆಗೆಯುವುದು. ಅದನ್ನು ತಾನೇ ಆರಿಸಿಕೊಂಡೆ ಎಂದು ಬೀಗುತ್ತಾ ಹೋಗುತ್ತಾರೆ. ಮರಿ ಚಿಕ್ಕವಳಿದ್ದಾಗ ಕೌಂಟರಿನ ಕೆಳಗೆ ಕೂತು, ಮೂರನೆಯದು ಬಂತು ಎಂದು ಪಿಸುಗುಟ್ಟಿ ನಗುತ್ತಿದ್ದಳು. ಡಾಕ್ಟರಮ್ಮನೂ ಮೂರನೆಯದನ್ನೇ ತೆಗೆದುಕೊಂಡರು.

ಆಮೇಲೆ ವಿಷಯಕ್ಕೆ ಬಂದರು. ಅವರ ಮಗ ಸಣ್ಣ ಡಾಕ್ಟರಿಗೆ ನಮ್ಮ ಮರಿಯನ್ನು ಕೇಳುತ್ತಿದ್ದಾರೆ. ತಮ್ಮ ಅಂತಸ್ತಿನ ಮನೆಗಳ ಹುಡುಗಿಯರನ್ನು ನೋಡಿ ಸಾಕಾಗಿದೆಯಂತೆ, ಯಾರಿಗೂ ಆಸ್ಪತ್ರೆಯ ವಾಸನೆ ಆಗುವುದಿಲ್ಲವಂತೆ. ಮರಿ ರೋಗಿಗಳ ಹತ್ತಿರ ಮಾತಾಡುವ ರೀತಿಗೆ ಅವರು ಮನಸೋತಿದ್ದಾರೆ. "ನಮಗೇನೂ ಬೇಡ, ಹುಡುಗಿ ಬಂದ್ರೆ ಸಾಕು" ಅಂದರು. ನೆಲಮಹಡಿಯ ಕನ್ನಡಕದ ವಿಭಾಗ ಅಣ್ಣನಿಗೇ ಬಿಟ್ಟುಕೊಡುತ್ತಾರಂತೆ. ನನ್ನ ಕೈ ಹಿಡಿದು, ಅಲ್ಲಿ ಕೂತು ನಡೆಸುವವರು ನೀವೇ ಆಗಬೇಕು ಅಂದರು.

ಹುಡುಗಿಯ ಮನಸ್ಸು ತಿಳಿಯಬೇಕಲ್ಲ ಎಂದೆ. ನೀವು ಹೇಳಿದರೆ ಅವಳು ಕೇಳುತ್ತಾಳೆಂದು ಗೊತ್ತಿದ್ದೇ ಬಂದಿದ್ದೇನೆ ಅಂದರು. ಆ ಮಾತು ಸುಳ್ಳೇನಲ್ಲ.

ಜೂನ್ ೨೧

ಅಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆ ಆಸ್ಪತ್ರೆ ತಲೆಯೆತ್ತಿದ ಮೇಲೆ ನಮ್ಮ ಅಂಗಡಿಗೆ ಬರುವವರು ಹಳೆಯ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬರುವವರು ಮಾತ್ರ. ಅದಕ್ಕೆ ಅವನು ದುಡ್ಡೂ ತೆಗೆದುಕೊಳ್ಳುವುದಿಲ್ಲ. ಸಾರಿಗೆ ಉಪ್ಪು ಸಾಕೇ ಎಂದು ಕೂಡ ನನ್ನನ್ನು ಕೇಳದ ಅತ್ತಿಗೆ ಇವತ್ತು ಕಾಫಿ ಲೋಟ ಹಿಡಿದು ನನ್ನ ಕೋಣೆಗೆ ಬಂದು, ನೀವು ಏನಂತೀರಿ ಎಂದು ಕೇಳಿದಳು. ಮಂಚದ ತುದಿಯಲ್ಲಿ ಕೂತು ನನ್ನ ಉತ್ತರಕ್ಕೆ ಕಾದಳು.

ಬ್ರೇಕಿನ ವಿಷಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಇವತ್ತೊಂದು ದಿನ ಇವರು ಖುಷಿಯಾಗಿರಲಿ ಎಂದು ಸುಮ್ಮನಾದೆ.

ಜುಲೈ ೫, ಶುಕ್ರವಾರ

ಡಾಕ್ಟರಮ್ಮ ಕಾರು ಕಳಿಸಿದ್ದರು. ನನಗೊಬ್ಬಳಿಗೇ. ಹಿಂದಿನ ಸೀಟಿನಲ್ಲಿ ಕೂತು ನಮ್ಮ ಬೀದಿ ನೋಡಿದರೆ ಎಷ್ಟು ಇಕ್ಕಟ್ಟು ಎನಿಸಿತು. ಇಷ್ಟು ವರ್ಷ ಇಲ್ಲೇ ಓಡಾಡಿದ್ದೇನೆ, ಗಮನಿಸಿರಲಿಲ್ಲ.

ನೆಲಮಹಡಿ ತೋರಿಸಿದರು. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೇ ದೀಪ. ಕನ್ನಡಿ ಎಲ್ಲಿರಲಿ ಎಂದು ನನ್ನನ್ನೇ ಕೇಳಿದರು. ಕಿಟಕಿಗೆ ಎದುರಾಗಿ ಬೇಡ, ಮಗ್ಗುಲಿಗೆ ಇಡಿ, ಎದುರು ಬೆಳಕಿಗೆ ಎಲ್ಲರಿಗೂ ವಯಸ್ಸಾದಂತೆ ಕಾಣುತ್ತದೆ ಅಂದೆ. ಕೂಡಲೇ ಬಡಗಿಯನ್ನು ಕರೆದು ಜಾಗ ಬದಲಿಸಿದರು. ನನ್ನ ಮಾತಿಗೆ ಒಬ್ಬರು ಗೋಡೆಗೆ ಹೊಡೆದ ಮೊಳೆ ಕಿತ್ತದ್ದು ಇದೇ ಮೊದಲು. ನನಗೆ ತಿರುಗುವ ಕುರ್ಚಿ ಬರುತ್ತದಂತೆ. ಸಣ್ಣ ಡಾಕ್ಟರೂ ಬಂದು ನಮಸ್ಕಾರ ಹೇಳಿದರು. ಮೆತ್ತನೆ ಮಾತು, ನಿದ್ದೆ ಸಾಲದ ಕಣ್ಣು. ಕೆಟ್ಟವರಲ್ಲ.

ರಾತ್ರಿ ಊಟದ ಹೊತ್ತಿಗೆ ಮರಿ ಕಣ್ಣಲ್ಲೇ ಕೇಳಿದಳು. ಅಪ್ಪನ ಮನಸ್ಸು ಇನ್ನೂ ಹದಕ್ಕೆ ಬಂದಿಲ್ಲ ಎಂದು ನಾನೂ ಕಣ್ಣಲ್ಲೇ ಹೇಳಿದೆ. ಆ ಹುಡುಗನ ವಿಷಯ ಒಂದು ನಿರ್ಧಾರಕ್ಕೆ ತರಬೇಕು.

ಜುಲೈ ೧೪, ಭಾನುವಾರ

ಪಾಠಕ್ಕೆ ಹೋಗಿದ್ದೆ. ಇವತ್ತು ಗೇರು ಒಂದೂ ಸರಿಯಾಗಿ ಬೀಳಲಿಲ್ಲ, ಮನಸ್ಸು ಬೇರೆ ಕಡೆ ಇತ್ತು. ಮುಂದೇನು ಮಾಡಬೇಕೆಂದಿದ್ದೀಯ ಎಂದು ಕೇಳಿದೆ. ತಾಯಿಯ ಜೊತೆ ಬಾಡಿಗೆಯ ಎರಡು ಕೋಣೆಯಲ್ಲಿದ್ದಾನೆ. ಸ್ವಂತಕ್ಕೊಂದು ಹಳೆಯ ಕಾರು ಕೊಂಡು ತನ್ನದೇ ಸ್ಕೂಲ್ ತೆರೆಯುವ ಆಸೆ. ಹಳೆಯ ಕಾರು! ಹುಡುಗಿಯ ಅಪ್ಪನಿಗೆ ನೂರೆಂಟು ಯೋಚನೆ ಇರುತ್ತದೆ, ಅವರನ್ನು ಒಪ್ಪಿಸುವುದು ಅಷ್ಟು ಸುಲಭವಲ್ಲ ಎಂದೆ.

ಅವನು ಗಾಡಿಯನ್ನು ಮರದಡಿ ನಿಲ್ಲಿಸಲು ಹೇಳಿ, ಆಮೇಲೆ ಅಂದ: "ನನಗೇನೂ ಅವಸರ ಇಲ್ಲಮ್ಮ. ಎರಡು ವರ್ಷ ಆದ್ರೂ ಸರಿ, ಅವಳು ಹೂಂ ಅಂದ್ರೆ ಕಾಯ್ತೀನಿ. ಇದನ್ನ ಅವಳಿಗೆ ಹೇಳಿ."

ಹೇಳುತ್ತೇನೆ ಅಂದೆ.

ಜುಲೈ ೧೫, ಸೋಮವಾರ

ಮರಿ ಬಾಗಿಲಲ್ಲೇ ಕಾಯುತ್ತಿದ್ದಳು. ಏನಂದ ಎಂದು ಕೇಳಿದಳು.

"ಅವಸರ ಏನೂ ಇಲ್ಲ ಅಂದ" ಎಂದೆ.

ಚಪ್ಪಲಿ ಬಿಟ್ಟು ಒಳಗೆ ಹೋದಳು. ಮತ್ತೇನೂ ಕೇಳಲಿಲ್ಲ.

ಅವನ ಬಾಯಲ್ಲಿ ಬಂದದ್ದನ್ನೇ ಹೇಳಿದೆ. ನನ್ನ ಕಡೆಯಿಂದ ಒಂದಕ್ಷರ ಸೇರಿಸಲಿಲ್ಲ. ಎರಡು ವರ್ಷದ ಮಾತನ್ನು ಹೇಳಿದ್ದರೆ ಈ ಹುಚ್ಚು ಹುಡುಗಿ ನಿಜವಾಗಿಯೂ ಕಾದು ಕೂರುತ್ತಿದ್ದಳು. ಡ್ರೈವಿಂಗ್ ಸ್ಕೂಲಿನವನನ್ನು ನೆಚ್ಚಿಕೊಂಡು ಎರಡು ವರ್ಷ ಕಳೆದರೆ ಆಸ್ಪತ್ರೆಯವರು ಅಷ್ಟು ದಿನ ಬಾಗಿಲು ತೆರೆದಿಟ್ಟುಕೊಂಡಿರುತ್ತಾರೆಯೇ? ಅವಳ ಒಳ್ಳೆಯದನ್ನು ಯೋಚಿಸುವವರು ಯಾರಾದರೂ ಬೇಕಲ್ಲ.

ಜುಲೈ ೨೮, ಭಾನುವಾರ

ಸಣ್ಣ ಡಾಕ್ಟರ ಹೆಸರನ್ನು ಮರಿಯ ಕಿವಿಗೆ ಹಾಕಲು ಅಣ್ಣ ತುದಿಗಾಲಲ್ಲಿ ನಿಂತಿದ್ದ. ನಾನೇ ತಡೆದೆ. ಯಾವುದಕ್ಕೂ ಒಂದು ಕ್ರಮ ಇರುತ್ತದೆ.

ಮೊದಲು ಕಬ್ಬಿಣದ ಅಂಗಡಿಯವರ ಸಂಬಂಧ ತಂದೆ. ಹುಡುಗ ನಕ್ಕರೆ ಕಿಟಕಿಯ ಗಾಜು ಅದುರುತ್ತದೆ, ಮತ್ತು ಅವನು ನಗುವುದು ತನ್ನ ಮಾತಿಗೆ ತಾನೇ. ಮರಿ ಬೇಡ ಅಂದಳು. ನಾನೂ ಅವಳ ಪಕ್ಷ ಹಿಡಿದೆ, ಇಂಥವನ ಜೊತೆ ಯಾರು ಬಾಳುತ್ತಾರೆ ಎಂದು ಅಣ್ಣನ ಮೇಲೆಯೇ ಹರಿಹಾಯ್ದೆ. ಇವತ್ತು ಅತ್ತಿಗೆಯ ದೂರದ ನೆಂಟರ ಹುಡುಗ. ಯಾವುದೋ ಪರೀಕ್ಷೆಗೆ ವರ್ಷಗಟ್ಟಲೆಯಿಂದ ಓದುತ್ತಲೇ ಇದ್ದಾನೆ, ಬಂದವನು ತಾಯಿಯನ್ನು ಕೇಳದೆ ಬಿಸ್ಕತ್ತಿಗೂ ಕೈ ಹಾಕಲಿಲ್ಲ. ಮರಿ ಅದಕ್ಕೂ ತಲೆ ಅಲ್ಲಾಡಿಸಿದಳು. ಅವರು ಹೋದ ಮೇಲೆ ಅವಳನ್ನು ನಗಿಸಲು ಅವನ ಹಾಗೆ ಬಿಸ್ಕತ್ತು ಹಿಡಿದು ತೋರಿಸಿದೆ. ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆಗಸ್ಟ್ ೪, ಭಾನುವಾರ

ಇವತ್ತು ಸಣ್ಣ ಡಾಕ್ಟರ ಮಾತು ಎತ್ತಿದೆ. ಸುಮ್ಮನೆ, ಬಟ್ಟೆ ಮಡಚುತ್ತಾ. ಮರಿ ಕೈಯಲ್ಲಿದ್ದ ಟವೆಲನ್ನು ಕೆಳಗಿಟ್ಟು, "ನಿನಗೆ ಇದೇ ಸರಿ ಅನ್ಸುತ್ತಾ ಅತ್ತೆ?" ಎಂದು ಕೇಳಿದಳು.

ಅನಿಸುತ್ತದೆ ಅಂದೆ.

"ಹಾಗಾದ್ರೆ ಸರಿ" ಅಂದಳು. ಟವೆಲು ಎತ್ತಿಕೊಂಡು ಮಡಚಿದಳು.

ಯಾರೂ ಬಲವಂತ ಮಾಡಲಿಲ್ಲ. ಅವಳೇ ಒಪ್ಪಿದಳು. ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡು, ನೀನು ಇಲ್ಲದಿದ್ದರೆ ಆಗುತ್ತಿರಲಿಲ್ಲ ಅಂದ. ಅವನ ಕಣ್ಣಲ್ಲಿ ನೀರಿತ್ತು. ಡಾಕ್ಟರಮ್ಮ ಫೋನಿನಲ್ಲಿ ನನ್ನನ್ನು ಬೀಗಿತಿ ಎಂದು ಕರೆದರು. ನಿಜಕ್ಕೂ ಅವರಿಗೆ ಬೀಗಿತಿ ಅತ್ತಿಗೆ, ಆದರೂ ನನಗೆ ಅಂದರು.

ಆಗಸ್ಟ್ ೬

ಡ್ರೈವಿಂಗ್ ಸ್ಕೂಲಿನ ಡ್ರೈವರ್ ಫೋನ್ ಮಾಡಿದ್ದ. ಎತ್ತಲಿಲ್ಲ.

ಆಗಸ್ಟ್ ೧೧

ಅಂಗಡಿಗೇ ಬಂದ. ಅಣ್ಣ ಊಟಕ್ಕೆ ಹೋಗಿದ್ದ, ಸದ್ಯ. ಮರಿಯ ಮದುವೆ ಗೊತ್ತಾಗಿದೆ ಎಂದು ಹೇಳಿದೆ. ಅವಳೇ ಒಪ್ಪಿದಳೇ ಎಂದು ಕೇಳಿದ. ಅವಳೇ ಎಂದೆ. ನಾನು ಹೇಳಿದ್ದನ್ನು ತಿಳಿಸಿದಿರಾ ಎಂದು ಕೇಳಿದ. ತಿಳಿಸಿದೆ ಎಂದೆ.

ಗಲಾಟೆ ಮಾಡುತ್ತಾನೇನೋ ಅಂದುಕೊಂಡಿದ್ದೆ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನಿಮ್ಮ ರಿವರ್ಸ್ ಪಾಠ ಒಂದು ಬಾಕಿ ಇದೆ, ಬೇರೆ ಯಾರ ಹತ್ತಿರವಾದರೂ ಕಲಿತುಬಿಡಿ ಎಂದು ಹೇಳಿ ಹೊರಟುಹೋದ. ಅವನು ಹೋದ ಮೇಲೆ ಒಂದು ಗಂಟೆ ನನ್ನ ಕೈಯಲ್ಲಿ ಯಾವ ಕೆಲಸವೂ ಸಾಗಲಿಲ್ಲ. ಬಿಸಿಲಿಗಿರಬೇಕು.

ಸೆಪ್ಟೆಂಬರ್ ೨೨, ಭಾನುವಾರ

ಮದುವೆ ಮುಗಿಯಿತು. ಊರಿನ ದೊಡ್ಡ ಮನುಷ್ಯರೆಲ್ಲ ಬಂದಿದ್ದರು. ಹೊಸ ಬೂಟು ಕಚ್ಚಿ ಅಣ್ಣ ಕುಂಟುತ್ತಲೇ ಎಲ್ಲರ ಕೈ ಕುಲುಕಿದ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮರಿ ತುಂಬ ಚೆನ್ನಾಗಿ ಕಾಣುತ್ತಿದ್ದಳು. ಹೊರಡುವಾಗ ಅಪ್ಪ ಅಮ್ಮನನ್ನು ತಬ್ಬಿ ಅತ್ತಳು. ನನ್ನ ಹತ್ತಿರ ಬಂದು, ನೀನು ಊಟ ಮಾಡಿದೆಯಾ ಎಂದು ಕೇಳಿದಳು, ಅಷ್ಟೇ.

ನವೆಂಬರ್ ೧೨

ಬಹಳ ದಿನವಾಯಿತು ಬರೆದು. ಬರೆಯುವಂಥದ್ದೇನೂ ಇರಲಿಲ್ಲ.

ತಿರುಗುವ ಕುರ್ಚಿ ಬಂದಿದೆ. ಆದರೆ ಇಲ್ಲಿ ಜನ ನನ್ನ ಮುಖ ನೋಡುವುದಿಲ್ಲ. ಚೀಟಿ ಕೊಡುತ್ತಾರೆ, ಕಂಪ್ಯೂಟರ್ ಪರದೆಯ ಮುಂದೆ ನಿಲ್ಲುತ್ತಾರೆ, ಅದು ಅವರ ಮುಖಕ್ಕೆ ಒಂದಾದ ಮೇಲೊಂದು ಫ್ರೇಮ್ ಹಾಕಿ ತೋರಿಸುತ್ತದೆ. ನಾನು ಬಿಲ್ಲು ಹರಿದು ಕೊಡುತ್ತೇನೆ. ಡಾಕ್ಟರಮ್ಮನಿಗೆ ಏನಾದರೂ ಹೇಳಲು ಹೋದರೆ, ಮ್ಯಾನೇಜರಿಗೆ ತಿಳಿಸಿ ಅಂತಾರೆ. ಬೀಗಿತಿ ಎಂದು ಕರೆದು ಸುಮಾರು ದಿನವಾಯಿತು. ಅಣ್ಣ ಮಾತ್ರ ಸುಖವಾಗಿದ್ದಾನೆ. ದಿನಾ ಇಸ್ತ್ರಿ ಅಂಗಿ ಹಾಕುತ್ತಾನೆ.

ಮರಿ ಮೇಲಿನ ಮಹಡಿಯಲ್ಲಿರುತ್ತಾಳೆ. ಅವಳು ಅತ್ತೆ ಎಂದು ಕೂಗಿದರೆ ಈಗ ಇಬ್ಬರು ತಿರುಗಬೇಕು. ಅವಳು ಕೂಗುವುದೇ ಇಲ್ಲ. ಎದುರು ಸಿಕ್ಕರೆ ನಗುತ್ತಾಳೆ, ರೋಗಿಗಳಿಗೆ ನಗುವ ಹಾಗೆ. ಗಂಡನ ಮನೆಯ ಹೊಸತು, ಎಲ್ಲ ಹುಡುಗಿಯರೂ ಮೊದಮೊದಲು ಹೀಗೆಯೇ ಇರುತ್ತಾರೆ ಎಂದು ಅತ್ತಿಗೆ ಅನ್ನುತ್ತಾಳೆ. ಹೌದು ಅಂದೆ.

ಫೆಬ್ರುವರಿ ೧೮, ಮಂಗಳವಾರ

ಮರಿ ಮಧ್ಯಾಹ್ನ ಕೆಳಗಿಳಿದು ಬಂದಳು. ಗಿರಾಕಿಗಳಿರಲಿಲ್ಲ. ಮೊದಲಿನ ಹಾಗೆ ಕೌಂಟರಿಗೆ ಗಲ್ಲ ಊರಲಿಲ್ಲ, ಒಂದು ಕೈ ದೂರದಲ್ಲೇ ನಿಂತಳು.

ಆ ಡ್ರೈವಿಂಗ್ ಸ್ಕೂಲಿನ ಹುಡುಗ ತನ್ನ ತಾಯಿಯ ಕಣ್ಣಿನ ಪೊರೆ ತೋರಿಸಲು ಬಂದಿದ್ದನಂತೆ. ಪರೀಕ್ಷೆ ಮಾಡಿದವಳು ಇವಳೇ. ಮುದುಕಿಯ ಕಣ್ಣಿಗೆ ಔಷಧಿ ಬಿಟ್ಟು ಕಾಯುವ ಹೊತ್ತಿನಲ್ಲಿ ಇಬ್ಬರೂ ನಾಲ್ಕು ಮಾತಾಡಿದ್ದಾರೆ. ಅಷ್ಟರಲ್ಲಿ ಎಲ್ಲವೂ ಹೊರಬಿದ್ದಿದೆ.

"ಎರಡು ವರ್ಷ ಕಾಯ್ತೀನಿ ಅಂದಿದ್ನಂತೆ" ಎಂದಳು.

ನಿನ್ನ ಒಳ್ಳೆಯದಕ್ಕೆ ಎನ್ನಲು ಹೋದವಳು ಕೌಂಟರಿನ ಮೇಲಿದ್ದ ಬಿಲ್ಲುಗಳನ್ನು ಜೋಡಿಸತೊಡಗಿದೆ.

ಅವಳು ದನಿ ಏರಿಸಲಿಲ್ಲ. ಆ ಎರಡು ಸಂಬಂಧ ತಂದಾಗಲೇ ಮೂರನೆಯದು ಯಾವುದೋ ಬರುತ್ತದೆಂದು ತನಗೆ ಗೊತ್ತಾಗಿತ್ತು ಅಂದಳು. ಗೊತ್ತಾಗದೇ ಇರುತ್ತದೆಯೇ, ಅದನ್ನು ನೋಡಿಕೊಂಡೇ ಬೆಳೆದವಳು. "ಆದ್ರೆ ನಾನೇನು ಅಂದ್ಕೊಂಡೆ ಗೊತ್ತಾ? ಅವನು ಕೈಬಿಟ್ಟಿದಾನೆ, ಅದನ್ನ ನನ್ನ ಮುಖಕ್ಕೆ ಹೇಳೋಕಾಗದೆ ನೀನು ಇಷ್ಟೆಲ್ಲ ಕಷ್ಟಪಡ್ತಿದೀಯ ಅಂತ. ನನ್ನ ಮಾನ ಉಳಿಸ್ತಿದೀಯ ಅಂತ. ಅದಕ್ಕೇ ಒಪ್ಪಿದೆ ಅತ್ತೆ. ನಿನಗೋಸ್ಕರ."

ಕಪಾಟಿನ ದೀಪಗಳು ಅಷ್ಟೂ ಅವಳ ಮುಖದ ಮೇಲಿದ್ದವು. ನಾನು ಅವಳ ಕೈ ಹಿಡಿಯಲು ಹೋದೆ. ಸರಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅಪ್ಪನಿಗೆ ಇದ್ಯಾವುದೂ ತಿಳಿಯುವುದು ಬೇಡ, ಅವನು ಸಂತೋಷವಾಗಿದ್ದಾನೆ ಅಂದಳು. ಇವರೂ ಒಳ್ಳೆಯವರು, ಇವರ ತಪ್ಪೇನಿದೆ ಅಂದಳು. ಅಷ್ಟರಲ್ಲಿ ಯಾರೋ ಚೀಟಿ ಹಿಡಿದು ಬಂದರು. ಅವಳು ಮೇಲೆ ಹೋದಳು.

ಫೆಬ್ರುವರಿ ೧೯

ಹುಷಾರಿಲ್ಲ ಎಂದು ಹೇಳಿ ಮನೆಯಲ್ಲೇ ಉಳಿದೆ. ಜ್ವರವೇನೂ ಇಲ್ಲ.

ಫೆಬ್ರುವರಿ ೨೩, ಭಾನುವಾರ

ಹಿಂದಿನದನ್ನೆಲ್ಲ ತಿರುವಿ ಹಾಕಿದೆ. ಜೂನ್ ತಿಂಗಳಲ್ಲಿ ಬರೆದವಳು ಯಾರು ಎಂದು ಹುಡುಕುತ್ತಾ ಹೋದೆ. ಅವಳಿಗೆ ಅವನು ಹಿಡಿಸಿದ್ದ. ಅವಳು ಯಾವ ದಿನ ಎದ್ದು ಹೋದಳು ಎಂದು ಗೊತ್ತಾಗಲಿಲ್ಲ. ಯಾವ ದಿನವೂ ಕೆಟ್ಟದ್ದು ಮಾಡಲು ಹೊರಟಂತೆ ಕಾಣುವುದಿಲ್ಲ. ಒಂದು ದಿನ ಹಲ್ಲುನೋವು, ಒಂದು ದಿನ ಕಾಫಿ.

ದುಡ್ಡಿಗೆ ಆಸೆಪಟ್ಟೆ ಎಂದರೆ ಅದೂ ಪೂರ್ತಿ ನಿಜವಲ್ಲ. ಒಬ್ಬರು ನನ್ನನ್ನು ಕೇಳಿದರಲ್ಲ, ಕೇಳಿ ಉತ್ತರಕ್ಕೆ ಕಾದರಲ್ಲ, ನನಗೆ ಅಷ್ಟೇ ಸಾಕಾಯಿತು. ಆದರೆ ಹುಟ್ಟಿದಾಗಿನಿಂದ ಪ್ರತಿಯೊಂದಕ್ಕೂ ನನ್ನನ್ನೇ ಕೇಳಿಕೊಂಡು ಬಂದವಳು ಒಬ್ಬಳಿದ್ದಳು. ಅದು ಯಾಕೆ ನನಗೆ ಸಾಲಲಿಲ್ಲವೋ ಕಾಣೆ. ನಾನು ಅವಳಿಗೆ ದ್ರೋಹ ಮಾಡಿದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಮಾರ್ಚ್ ೩, ಸೋಮವಾರ

ಸಂಜೆ ಜನ ಕರಗಿದ ಮೇಲೆ ಸಣ್ಣ ಡಾಕ್ಟರು ಬಂದರು. ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು, ಗಿರಾಕಿಯ ಸ್ಟೂಲಿನ ಮೇಲೆ ಸಂಕೋಚದಿಂದ ಕೂತರು. ಮರಿ ಏನಾದರೂ ಹೇಳಿದಳೇನೋ ಅಂದುಕೊಂಡೆ.

ಅದಲ್ಲ. ಮುಂದಿನ ವಾರ ಅವಳ ಹುಟ್ಟುಹಬ್ಬ. ಏನು ಬೇಕೆಂದು ಕೇಳಿದರೆ ಏನಾದರೂ ಸರಿ ಅನ್ನುತ್ತಾಳಂತೆ. ಎಲ್ಲಿಗೆ ಹೋಗೋಣ ಅಂದರೂ ಎಲ್ಲಾದರೂ ಸರಿ. ಊಟಕ್ಕೂ ಅಷ್ಟೇ. ಜಗಳ ಇಲ್ಲ, ಮುನಿಸೂ ಇಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಹೊಗಳುತ್ತಾರೆ. ಆದರೆ ಅವಳಿಗೆ ಏನು ಇಷ್ಟ ಎಂಬುದೇ ನನಗೆ ಇನ್ನೂ ಗೊತ್ತಾಗಿಲ್ಲ ಎಂದು ನೆಲ ನೋಡುತ್ತಾ ಹೇಳಿದರು. ನಿಮ್ಮಷ್ಟು ಅವಳನ್ನು ಬಲ್ಲವರು ಬೇರೆ ಯಾರೂ ಇಲ್ಲವಂತಲ್ಲ ಅಂದರು.

ಆ ಮನುಷ್ಯನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಇವತ್ತೇ. ಇವರಿಗೂ ನಾನು ಅನ್ಯಾಯ ಮಾಡಿದ್ದೇನೆ, ಪಾಪ, ಇವರಿಗೆ ಅದು ಗೊತ್ತೂ ಇಲ್ಲ.

ಬಾಯಿಗೆ ಬಂದದ್ದು ಒಂದೇ ಮಾತು. ಇರಿ, ನಾನು ಅವಳನ್ನು ಕೇಳಿ ನಿಮಗೆ ತಿಳಿಸುತ್ತೇನೆ ಅಂದೆ.

ಅವರು ನಕ್ಕು ಎದ್ದು ನಿಂತರು. "ಬೇಡ ಅತ್ತೆ, ನಾನೇ ಕೇಳ್ತೀನಿ. ಮಧ್ಯೆ ನಿಮಗ್ಯಾಕೆ ತೊಂದರೆ."

ಸರಿ ಅಂದೆ. ಅವರು ಮೆಟ್ಟಿಲು ಹತ್ತಿ ಹೋದರು.